ಮಾವನಿಲ್ಲದ ಮನೆ: ತಿದ್ದಿದ ಜಾತಕದ ಒಂದು ಪ್ರಕರಣ

ಈ ಪ್ರಕರಣದ ಯುವತಿಯ ಊರು, ವಯಸ್ಸು ಮತ್ತು ಮನೆತನದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನಕ್ಷತ್ರಗಳೇ ಇಲ್ಲಿನ ತಿರುಳಾದ್ದರಿಂದ ಅವನ್ನು ಮಾತ್ರ ಆಕೆಯ ಒಪ್ಪಿಗೆ ಪಡೆದು ಇದ್ದಂತೆಯೇ ಉಳಿಸಿದ್ದೇನೆ.

ಆಕೆ ಹಳೆ ಮೈಸೂರು ಸೀಮೆಯವರು, ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು ಮೂವತ್ತರ ಆಸುಪಾಸು. ನಿಶ್ಚಿತಾರ್ಥಕ್ಕೆ ಐದು ವಾರ ಉಳಿದಿರುವಾಗ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದರು. ಮೂರು ವಾರಗಳಿಂದ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದರು. ಮೊದಲ ಅರ್ಧ ಗಂಟೆ ಶಾಲೆಯ ಕೆಲಸದ ಒತ್ತಡದ ಬಗ್ಗೆಯೇ ಮಾತನಾಡಿ, ಆಮೇಲೆ ಚೀಲದಿಂದ ಎರಡು ಜಾತಕಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಕೈಬರಹದ ಹಳೆಯ ಪುಸ್ತಿಕೆ. ನಾಲ್ಕು ಮೂಲೆಗೂ ಹಚ್ಚಿದ ಅರಿಸಿನ ಮಾಸಿ ಕಂದಾಗಿತ್ತು, ಜನ್ಮಕಾಲ ಮಧ್ಯಾಹ್ನ 2 ಗಂಟೆ 20 ನಿಮಿಷ, ಮೂಲಾ ನಕ್ಷತ್ರ ನಾಲ್ಕನೆಯ ಪಾದ (ನಕ್ಷತ್ರದ ನಾಲ್ಕು ಭಾಗಗಳಲ್ಲಿ ಕೊನೆಯದು) ಎಂದಿತ್ತು. ಇನ್ನೊಂದು ಕಂಪ್ಯೂಟರ್‌ನಲ್ಲಿ ಹಾಕಿಸಿದ್ದು; ದಿನಾಂಕ ಅದೇ, ಸಮಯ ಮಾತ್ರ ಸಂಜೆ 5 ಗಂಟೆ 10 ನಿಮಿಷ, ನಕ್ಷತ್ರ ಪೂರ್ವಾಷಾಢಾ ಮೊದಲನೆಯ ಪಾದ. ವರನ ಮನೆಗೆ ಹೋಗಿದ್ದು ಎರಡನೆಯದು. ಪಾಸ್‌ಪೋರ್ಟ್‌ಗೆಂದು ಅಂಕಪಟ್ಟಿ ಹುಡುಕುವಾಗ ಅಮ್ಮನ ಟ್ರಂಕಿನಲ್ಲಿ ಹಳೆಯದು ಸಿಕ್ಕಿತಂತೆ.

ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗುವುದಿಲ್ಲ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಆಗುವುದಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಬಲವಾಗಿದೆಯೆಂಬುದನ್ನು ಹೆಣ್ಣು ಹೆತ್ತವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆಕೆಯ ವರನ ತಂದೆಗೆ ಕಳೆದ ವರ್ಷ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿತ್ತು. ಹಳೆಯ ಜಾತಕ ಕಂಡ ದಿನದಿಂದ ಈಕೆ ದಿನವೂ ಬೆಳಿಗ್ಗೆ ವರನಿಗೆ ಕರೆ ಮಾಡಿ, ಬೇರೆ ಏನೇನೋ ಮಾತಿನ ನಡುವೆ, "ಅಪ್ಪ ಹೇಗಿದ್ದಾರೆ" ಎಂದು ಕೇಳುತ್ತಿದ್ದರು. ಆ ಉತ್ತರ ಬರುವವರೆಗೂ ತರಗತಿಗೆ ಹೋಗಲಾಗುತ್ತಿರಲಿಲ್ಲ. ನನ್ನನ್ನು ಕೇಳಿದ್ದೂ ಅದನ್ನೇ: "ಮೇಡಂ, ನನ್ನ ಕಾಲ್ಗುಣದಿಂದ ಅವರಿಗೆ ಏನಾದರೂ ಆದರೆ?"

ಜ್ಯೋತಿಷ ನಿಜವೇ ಸುಳ್ಳೇ ಎಂಬ ವಾದಕ್ಕೆ ನಾನು ಸಾಮಾನ್ಯವಾಗಿ ಇಳಿಯುವುದಿಲ್ಲ. ನಂಬಿಕೆಯಿರುವವರ ಮುಂದೆ ಆ ವಾದ ಹೂಡಿದರೆ ಅವರು ಎದ್ದು ಹೋಗುತ್ತಾರೆ, ಭಯ ಮಾತ್ರ ಅವರೊಂದಿಗೇ ಹೋಗುತ್ತದೆ. ಆದರೆ ಒಬ್ಬರ ಸಾವಿಗೆ ತಾನು ಕಾರಣಳಾಗುತ್ತೇನೆಂದು ಎದುರಿಗೆ ಕುಳಿತವರು ನಡುಗುವಾಗ ಸುಮ್ಮನಿರುವುದು ತಪ್ಪು. ಅವರ ಹೃದಯದ ರಕ್ತನಾಳಗಳು ಕಟ್ಟಿಕೊಂಡದ್ದು ನಿಮ್ಮ ಹೆಸರನ್ನೂ ಕೇಳುವುದಕ್ಕೆ ಮುಂಚೆ, ಅದಕ್ಕೂ ನಿಮ್ಮ ಹುಟ್ಟಿಗೂ ಸಂಬಂಧವಿಲ್ಲ ಎಂದು ನೇರವಾಗಿಯೇ ಹೇಳಿದೆ. ಆಮೇಲೆ ಒಂದು ಲೆಕ್ಕ ಹಾಕಿದೆವು. ಚಂದ್ರ ಒಂದೊಂದು ನಕ್ಷತ್ರದಲ್ಲಿ ಸುಮಾರು ಒಂದು ದಿನ ಇರುತ್ತಾನೆ, ನಕ್ಷತ್ರಗಳು 27. ಹಾಗಾದರೆ ಆಕೆಯ ಶಾಲೆಯ 540 ಹುಡುಗಿಯರಲ್ಲಿ ಸುಮಾರು 20 ಮಂದಿ ಮೂಲಾ ನಕ್ಷತ್ರದಲ್ಲಿ ಹುಟ್ಟಿರಬೇಕು. "ಆ ಇಪ್ಪತ್ತು ಮಕ್ಕಳಲ್ಲಿ ಯಾರಿಗಾದರೂ ನೀವು ಈ ಮಾತು ಹೇಳುವಿರಾ?" ಎಂದೆ. ಆಕೆ ಬಹಳ ಹೊತ್ತು ಅತ್ತರು. ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳಿದೆ, ಇಲ್ಲವೆಂದರು. ಆದರೂ ನಿದ್ದೆಗೆಟ್ಟ ರಾತ್ರಿಗಳಲ್ಲಿ ಒಬ್ಬರೇ ಒದ್ದಾಡದಿರಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಎರಡನೆಯ ಭೇಟಿ, ಜನ್ಮಕಾಲ ತಿದ್ದಿಸಿ ಹೊಸ ಜಾತಕ ಹಾಕಿಸಿದ ತಾಯಿಯೊಂದಿಗೆ. ಅವರನ್ನು ಅಪರಾಧಿಯಂತೆ ಕೂರಿಸಬಾರದೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ, ಅವರ ಮಾತು ಕೇಳಿದ ಮೇಲೆ ಹಾಗೆ ಮಾಡಿದ್ದು ಒಳ್ಳೆಯದಾಯಿತು ಎನ್ನಿಸಿತು. ಆರು ವರ್ಷ ಹುಡುಕಿದ್ದಾರೆ. ಫೋಟೋ ಒಪ್ಪಿದ ಮನೆಗಳೂ ನಕ್ಷತ್ರ ಕೇಳಿದೊಡನೆ ಹಿಂದೆ ಸರಿದಿವೆ. ಕೊನೆಗೆ ಮದುವೆ ದಲ್ಲಾಳಿ, "ಮಾವ ಇಲ್ಲದ ಮನೆ ನೋಡೋಣ" ಎಂದು ತಂದೆ ತೀರಿಕೊಂಡ ಹುಡುಗರ ಪಟ್ಟಿಯನ್ನೇ ತಂದನಂತೆ. "ನನ್ನ ಮಗಳಿಗೆ ಸಾವಾಗಿರೋ ಮನೆ ಹುಡುಕಬೇಕಾ ಮೇಡಂ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಹೇಳಿದ್ದು ಒಂದೇ" ಎಂದರು. ಮಗಳ ಮೇಲಿನ ಅವಮಾನವನ್ನು ತಡೆಯಲು ಹೊರಟು, ಆ ಅವಮಾನಕ್ಕೆ ಕಾರಣವಾದ ಮಾತನ್ನು ಅವರೂ ಒಳಗೊಳಗೇ ನಂಬಿದ್ದರು. ಅವರೂ ನಿದ್ದೆಗೆಟ್ಟಿದ್ದರು.

ಇಬ್ಬರೂ ಜಾತಕವನ್ನು ನಂಬುವವರಾದ್ದರಿಂದ, ಆ ಶಾಸ್ತ್ರ ತನ್ನ ಮಾತಿನಲ್ಲೇ ಏನು ಹೇಳುತ್ತದೆಂಬುದನ್ನು ಪೂರ್ತಿ ತಿಳಿದುಕೊಳ್ಳಿ ಎಂದೆ. ದೋಷದ ಮಾತು ಮನೆಮನೆಗೆ ಹಬ್ಬುತ್ತದೆ, ಅದರ ವಿನಾಯಿತಿ ಪುಸ್ತಕದಲ್ಲೇ ಉಳಿಯುತ್ತದೆ. ಮೂಲಾ ನಕ್ಷತ್ರದ ಕೊನೆಯ ಪಾದದಲ್ಲಿ ಹುಟ್ಟಿದವಳಿಗೆ ಮಾವನ ದೋಷವಿಲ್ಲವೆಂದು ಮುಹೂರ್ತಗ್ರಂಥಗಳಲ್ಲೇ ಇದೆ. ವರನದು ರೇವತಿ ನಕ್ಷತ್ರ, ಮೀನ ರಾಶಿ. ವಧೂವರರ ಜಾತಕಗಳನ್ನು ಎಂಟು ಅಂಶಗಳಲ್ಲಿ ಹೊಂದಿಸಿ ನೋಡುವ ಅಷ್ಟಕೂಟದ 36 ಗುಣಗಳಲ್ಲಿ (ಅಂಕಗಳಲ್ಲಿ) 18 ಬಂದರೆ ಸಾಲಾವಳಿ ಕೂಡಿತೆನ್ನುತ್ತಾರೆ. ಆಕೆಯ ನಿಜವಾದ ನಕ್ಷತ್ರವನ್ನೇ ಇಟ್ಟರೂ ಆಕೆಯದು ಆದಿ ನಾಡಿ, ವರನದು ಅಂತ್ಯ ನಾಡಿ, ಬೇರೆಬೇರೆಯಾದ್ದರಿಂದ ನಾಡಿಕೂಟಕ್ಕೆ 8, ಧನು–ಮೀನ ರಾಶಿಕೂಟಕ್ಕೆ 7, ಎರಡಕ್ಕೂ ಗುರುವೇ ಅಧಿಪತಿಯಾದ್ದರಿಂದ ಗ್ರಹಮೈತ್ರಿಗೆ 5. ಈ ಮೂರರಲ್ಲೇ 20 ಆಗುತ್ತದೆ. ಆಕೆಯ ರಾಕ್ಷಸಗಣ, ವರನ ದೇವಗಣ ಕೂಡದಿರುವುದರಿಂದ ಗಣಕೂಟದಲ್ಲಿ ಕಳೆದುಕೊಳ್ಳುವುದು ನಿಜ. ಆದರೂ ಬೇಡವೆನ್ನುವಂಥ ಸಾಲಾವಳಿ ಇದಲ್ಲ. ಸಮಯ ತಿದ್ದುವ ಮುನ್ನ ತಾಯಿ ಇದನ್ನು ಯಾರ ಬಳಿಯೂ ಕೇಳಿರಲಿಲ್ಲ; ಮೂಲಾ ಎಂಬ ಪದವೇ ಅವರನ್ನು ಅಷ್ಟು ಹೆದರಿಸಿತ್ತು.

ಇಷ್ಟು ತಿಳಿದೊಡನೆ ತಾಯಿ, "ಹಾಗಾದರೆ ದೋಷವೇ ಇಲ್ಲವಲ್ಲ, ಇನ್ನು ಹೇಳುವುದೇಕೆ" ಎಂದರು. ಇಲ್ಲಿ ನಾನು ಗಟ್ಟಿಯಾಗಿ ನಿಂತೆ. ದೋಷವಿಲ್ಲದಿರಬಹುದು, ಸುಳ್ಳು ಇದೆ. ಹೆರಿಗೆ ಆಸ್ಪತ್ರೆಯ ಹಳೆಯ ಚೀಟಿ, ಸೋದರತ್ತೆಯ ಬಾಯಿ, ನಾಳೆ ಮಗುವಿನ ನಾಮಕರಣದ ದಿನ ಯಾರೋ ಕೇಳುವ ಪ್ರಶ್ನೆ, ಯಾವುದರಿಂದಲಾದರೂ ಅದು ಹೊರಬರಬಹುದು. ಮಾವನಿಗೆ ಕಾಯಿಲೆ ಮರುಕಳಿಸಿದ ಹೊತ್ತಿನಲ್ಲಿ ಹೊರಬಂದರೆ ಆಕೆಯ ಪರ ಮಾತನಾಡುವವರು ಆ ಮನೆಯಲ್ಲಿ ಯಾರೂ ಇರುವುದಿಲ್ಲ. ಹೊರಬರದೇ ಹೋದರೂ ದಿನಬೆಳಗಾದರೆ "ಅಪ್ಪ ಹೇಗಿದ್ದಾರೆ" ಎಂದು ಕೇಳುತ್ತಾ ಆಕೆ ಬದುಕಬೇಕಾಗುತ್ತದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು, ಹತ್ತು ದಿನಗಳೊಳಗೆ, ವರನಿಗೆ ಮೊದಲು ತಿಳಿಸಬೇಕು. ದಲ್ಲಾಳಿಯ ಮೂಲಕವೂ ಬೇಡ, ವಾಟ್ಸಾಪ್ ಸಂದೇಶವೂ ಬೇಡ, ಎದುರು ಕುಳಿತೇ ಹೇಳಬೇಕು. ಮೊದಲು ಸತ್ಯ, ಆಮೇಲೆ ಕ್ಷಮೆ, ಪಾದದ ವಿನಾಯಿತಿಯ ಮಾತು ಅವರಾಗಿ ಕೇಳಿದರೆ ಮಾತ್ರ. ಮೊದಲೇ ವಿನಾಯಿತಿ ತೆಗೆದರೆ ವಕಾಲತ್ತಿನಂತೆ ಕೇಳಿಸುತ್ತದೆ. ವರನ ಹೆತ್ತವರಿಗೆ ತಾಯಿಯೇ ಹೇಳಬೇಕು, ಏಕೆಂದರೆ ತಿದ್ದಿಸಿದ್ದು ಅವರು. ಉತ್ತರಕ್ಕೆ ಅವಸರ ಮಾಡಬಾರದು. ಅವರು ಸಂಬಂಧ ಬೇಡವೆಂದರೆ ಅದು ನಕ್ಷತ್ರಕ್ಕಾಗಿಯೋ ಸುಳ್ಳಿಗಾಗಿಯೋ ಎಂದು ಕೇಳಿ ತಿಳಿಯಬೇಕು. ಎರಡಕ್ಕೂ ವ್ಯತ್ಯಾಸವಿದೆ, ಸುಳ್ಳಿಗಾಗಿ ನೊಂದವರ ಸಿಟ್ಟಿಗೆ ತಲೆಬಾಗಬೇಕು. ಶಾಂತಿ ಮಾಡಿಸಿದರೆ ಮನಸ್ಸಿಗೆ ಸಮಾಧಾನವೆಂದಾದರೆ ನನ್ನ ಅಡ್ಡಿಯಿಲ್ಲ, ಸಾಲ ಮಾಡಿ ಮಾತ್ರ ಬೇಡ.

ಒಂದು ಶನಿವಾರ ಮಧ್ಯಾಹ್ನ ಆಕೆ ಹೇಳಿದರು. ವರ ನಾಲ್ಕು ದಿನ ಕರೆ ಮಾಡಲಿಲ್ಲ. ಆ ನಾಲ್ಕು ದಿನದಲ್ಲಿ ಆಕೆ ಎರಡು ಬಾರಿ ನನ್ನಲ್ಲಿಗೆ ಬಂದಿದ್ದರು. ಐದನೆಯ ದಿನ ವರ, ತನಗೆ ನಕ್ಷತ್ರದ ಚಿಂತೆಯಿಲ್ಲ, ಮೋಸವಾಯಿತೆಂಬ ಬೇಸರವಿದೆ, ಸ್ವಲ್ಪ ಸಮಯ ಬೇಕು ಎಂದರು. ನಿಶ್ಚಿತಾರ್ಥ ಎರಡು ತಿಂಗಳು ಮುಂದಕ್ಕೆ ಹೋಯಿತು. ವರನ ತಾಯಿ ಇವತ್ತಿಗೂ ಬಿಗಿಯಾಗಿಯೇ ಇದ್ದಾರಂತೆ. ತಂದೆ ಮಾತ್ರ ಮನೆಗೆ ಬಂದು, ಹಳೆಯ ಪುಸ್ತಿಕೆಯನ್ನು ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಯುವತಿ ಈಗ ಬೆಳಗಿನ ಕರೆ ನಿಲ್ಲಿಸಿದ್ದಾರೆ, ರಾತ್ರಿ ಐದಾರು ಗಂಟೆ ನಿದ್ದೆ ಬರುತ್ತಿದೆ.

ತಾಯಿ ಒಬ್ಬರೇ ಬರುವುದಾಗಿ ಒಂದು ದಿನ ಗೊತ್ತುಮಾಡಿಕೊಂಡಿದ್ದರು, ಬರಲಿಲ್ಲ. ಮುಂದಿನ ಗುರುವಾರದ ಆ ಹೊತ್ತನ್ನು ಅವರಿಗಾಗಿ ಖಾಲಿ ಇಟ್ಟಿರುವುದಾಗಿ ಮಗಳ ಕೈಯಲ್ಲಿ ಹೇಳಿಕಳುಹಿಸಿದ್ದೇನೆ.