ಆಲ್ಫಾ ಇಲ್ಲದ ತೋಳಗಳ ಪ್ರೇಮಕಥೆ ಬರೆದರೆ ಓದುಗರು ಒಪ್ಪುತ್ತಾರಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮನುಷ್ಯರೇ ತೋಳಗಳಾಗಿ ಬದಲಾಗುವ ವೆರ್‌ವುಲ್ಫ್ ಪ್ರೇಮಕಥೆಯೊಂದನ್ನು ಬರೆಯುತ್ತಿದ್ದೀರಿ. ನಿಜವಾದ ತೋಳಗಳಲ್ಲಿ ‘ಆಲ್ಫಾ’, ಅಂದರೆ ಜಗಳವಾಡಿ ಗೆದ್ದು ಗುಂಪನ್ನು ಆಳುವ ತೋಳ, ಅನ್ನೋದು ಇಲ್ಲ ಅಂತ ಎಲ್ಲೋ ಓದಿದ್ದೀರಿ. ಹಾಗಾದರೆ ಆಲ್ಫಾ, ಬೀಟಾ, ಒಮೆಗಾ ಅನ್ನೋ ಮೇಲು-ಕೀಳನ್ನೆಲ್ಲ ಕಿತ್ತುಹಾಕಿದರೆ ಓದುಗರು ಕೈಬಿಡುತ್ತಾರಾ?

ಕಿತ್ತುಹಾಕಬಹುದು. ಆದರೆ ಅದಕ್ಕೆ ಮುಂಚೆ, ಕಥೆಯಲ್ಲಿ ಅದು ಏನು ಕೆಲಸ ಮಾಡುತ್ತಿತ್ತು ಅಂತ ತಿಳಿದುಕೊಳ್ಳಿ. ಈ ಬಗೆಯ ಕಥೆಗಳನ್ನು ನಾನು ತುಂಬಾ ಓದುತ್ತೇನೆ, ಇಷ್ಟಪಟ್ಟೇ ಓದುತ್ತೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ತೋಳಗಳ ಬಗ್ಗೆ ನೀವು ಓದಿದ್ದು ಸರಿ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ, ಅವುಗಳಲ್ಲಿ ಮೇಲಿನ ಸ್ಥಾನಕ್ಕೆ ಜಗಳ ನಡೆಯುತ್ತದೆ ಅಂತ ಬರೆದರು. ಆವರಣದೊಳಗೆ ಕೂಡಿಹಾಕಿದ ಪ್ರಾಣಿಗಳು ಅವು. ಬಿಟ್ಟು ಹೋಗೋಣ ಅಂದರೆ ಜಾಗವಿಲ್ಲ. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರಲ್ಲಿ ಬರೆದ ಪುಸ್ತಕದಿಂದ ಆಲ್ಫಾ ಅನ್ನೋ ಮಾತು ಜನರ ಬಾಯಿಗೆ ಬಂತು. ಆಮೇಲೆ ಮೆಕ್ ಅವರೇ 1986ರಿಂದ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಗಳನ್ನು ಕಳೆದು ಕಾಡು ತೋಳಗಳನ್ನು ಹತ್ತಿರದಿಂದ ನೋಡಿದರು. 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿದರು. ತೋಳಗಳ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಮಕ್ಕಳು ದೊಡ್ಡವಾದ ಮೇಲೆ ಮನೆ ಬಿಟ್ಟು ಸಂಗಾತಿಯನ್ನು ಹುಡುಕಿಕೊಂಡು ಹೋಗುತ್ತವೆ. ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಅಂತ ಅವರು ಪ್ರಕಾಶಕರನ್ನೇ ಕೇಳಿಕೊಂಡರು. ಅಂಥವರ ಮೇಲೆ ನನಗೆ ತುಂಬಾ ಗೌರವ.

ಆದರೆ ಓದುಗರು ಆಲ್ಫಾನನ್ನು ಹುಡುಕಿಕೊಂಡು ಬರೋದು ಪ್ರಾಣಿಶಾಸ್ತ್ರ ಕಲಿಯೋಕಲ್ಲ. ಅವರಿಗೆ ಬೇಕಿರೋದು ಒಂದೇ: ಎಲ್ಲರನ್ನೂ ತಲೆ ತಗ್ಗಿಸುವ ಹಾಗೆ ಮಾಡೋ ಅಧಿಕಾರ, ಒಬ್ಬರ ಮುಂದೆ ಮಾತ್ರ ನಡೆಯದೆ ಹೋಗುವ ಗಳಿಗೆ. ಮೇಲು-ಕೀಳನ್ನು ಕಟ್ಟೋದೇ ಆ ಗಳಿಗೆಗಾಗಿ.

‘ಆಲ್ಫಾ ಕಮಾಂಡ್’ ಅಂತ ಒಂದು ದೃಶ್ಯ ಈ ಕಥೆಗಳಲ್ಲಿ ಸಾಮಾನ್ಯ. ನಾಯಕ ದನಿ ತಗ್ಗಿಸಿ ಒಂದು ಆಜ್ಞೆ ಕೊಡುತ್ತಾನೆ. ಹಾಲ್‌ನಲ್ಲಿ ಇದ್ದವರ ಮಂಡಿ ತಾನಾಗಿಯೇ ಕುಸಿಯುತ್ತದೆ. ಬೀಟಾ ಅಂದರೆ ಅವನ ಬಲಗೈ, ಅವನೂ ಕತ್ತು ಬಗ್ಗಿಸುತ್ತಾನೆ. ಮೂಲೆಯಲ್ಲಿ ಪಾತ್ರೆ ಎತ್ತುತ್ತಿದ್ದ ಒಮೆಗಾ, ಅಂದರೆ ಎಲ್ಲರಿಗಿಂತ ಕೆಳಗಿನ ಹುಡುಗಿ ಮಾತ್ರ ನೆಟ್ಟಗೆ ನಿಂತಿರುತ್ತಾಳೆ. ಯಾಕೆ ಅಂತ ಅವಳಿಗೇ ಗೊತ್ತಿಲ್ಲ. ಉಳಿದವರ ಮಂಡಿ ಮೊದಲು ಕುಸಿದಿದ್ದರಿಂದಲೇ ಅವಳು ನಿಂತಿದ್ದಕ್ಕೆ ಬೆಲೆ. ಎಲ್ಲರೂ ಸಮಾನರಾಗಿದ್ದರೆ ಆ ದೃಶ್ಯ ಬರೀ ಒಂದು ಊಟದ ಮನೆ.

‘ರಿಜೆಕ್ಟೆಡ್ ಮೇಟ್’ ಕಥೆಗಳಲ್ಲಿ ಇದು ಇನ್ನೂ ಸ್ಪಷ್ಟ. ಮೇಟ್ ಅಂದರೆ ವಿಧಿಯೇ ಜೋಡಿಸಿದ ಸಂಗಾತಿ. ಕಾಯಿನ್ ಕೊಟ್ಟು ಅಧ್ಯಾಯ ತೆರೆಯುವ ಆ್ಯಪ್‌ಗಳ ಜಾಹೀರಾತಿನಲ್ಲಿ ನೀವೂ ನೋಡಿರುತ್ತೀರಿ. ‘ಇಂಥ ಗುಂಪಿನ ಆಲ್ಫಾ ಆದ ನಾನು ನಿನ್ನನ್ನು ನನ್ನ ಸಂಗಾತಿಯಾಗಿ ತಿರಸ್ಕರಿಸುತ್ತೇನೆ’ ಅಂತ ನಾಯಕ ಎಲ್ಲರೆದುರು ನಾಯಕಿಗೆ ಹೇಳುತ್ತಾನೆ. ಮಂತ್ರದ ಹಾಗೆ, ಹೆಚ್ಚುಕಮ್ಮಿ ಅದೇ ಪದಗಳು ಪ್ರತಿ ಕಥೆಯಲ್ಲೂ. ಅವಳು ಊರು ಬಿಡುತ್ತಾಳೆ. ವರ್ಷಗಳು ಕಳೆದ ಮೇಲೆ ಶಕ್ತಿವಂತಳಾಗಿ ವಾಪಸ್ ಬರುತ್ತಾಳೆ. ಅಲ್ಲಿಂದ ಓದುಗರ ಲೆಕ್ಕ ಶುರು. ಅವನು ಎಷ್ಟು ಜನರ ಮುಂದೆ ಅವಮಾನ ಮಾಡಿದ್ದನೋ ಅಷ್ಟು ಜನರ ಮುಂದೆಯೇ ಕ್ಷಮೆ ಕೇಳಬೇಕು. ಕೋಣೆಯಲ್ಲಿ ಗುಟ್ಟಾಗಿ ‘ಸಾರಿ’ ಅಂದರೆ ಸಾಲದು. ಕೆಳಗೆ ಬರುವ ಕಾಮೆಂಟುಗಳು ನಿಮ್ಮನ್ನು ಬಿಡೋದಿಲ್ಲ. ನನ್ನ ಪ್ರಕಾರ ಓದುಗರ ಈ ಹಟ ನ್ಯಾಯವಾದದ್ದೇ. ಅಧಿಕಾರ ಇದ್ದವನು ನಿಜಜೀವನದಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳೋದು ಎಷ್ಟು ಅಪರೂಪ ಹೇಳಿ.

ಇನ್ನೊಂದು ವಿಷಯ. ಒಮೆಗಾ ಅಂದಾಗ ನಿಮ್ಮ ಮನಸ್ಸಲ್ಲಿರೋದು ಯಾವ ಒಮೆಗಾ? ವೆರ್‌ವುಲ್ಫ್ ಕಥೆಗಳಲ್ಲಿ ಸಾಮಾನ್ಯವಾಗಿ ಅದು ಗುಂಪಿನ ತೀರಾ ಕೆಳಗಿನ ಸ್ಥಾನ. ಒಮೆಗಾವರ್ಸ್ ಅನ್ನೋದು ಬೇರೆಯೇ ಪ್ರಕಾರ. 2010ರ ಸುಮಾರಿಗೆ ಸೂಪರ್‌ನ್ಯಾಚುರಲ್ ಅನ್ನೋ ಅಮೆರಿಕದ ಟಿವಿ ಸರಣಿಯ ಅಭಿಮಾನಿಗಳ ಬರಹದಲ್ಲಿ ಅದು ರೂಪ ಪಡೆಯಿತು. ಅಲ್ಲಿ ಆಲ್ಫಾ, ಒಮೆಗಾ ಅನ್ನೋದು ಪದವಿಗಿಂತ ಜಾಸ್ತಿ ದೇಹಕ್ಕೆ ಸಂಬಂಧಿಸಿದ್ದು. ಒಮೆಗಾ ಗಂಡಸಾದರೂ ಗರ್ಭ ಧರಿಸಬಹುದು, ಬೆದೆಗೆ ಬರುವ ಕಾಲವೂ ಇರುತ್ತದೆ. ಅಲ್ಲಿ ಮೇಲು-ಕೀಳನ್ನು ತೆಗೆದರೆ ಕಥೆಯ ಲೋಕವೇ ಬದಲಾಗುತ್ತದೆ. ದೇಹ ಒಂದು ಹೇಳುತ್ತದೆ, ಮನಸ್ಸು ಇನ್ನೊಂದು ಹೇಳುತ್ತದೆ, ಒಪ್ಪಿಗೆ ಅಂದರೆ ಯಾವುದು ಅನ್ನೋ ಪ್ರಶ್ನೆ ಅಲ್ಲಿ ಪ್ರತಿ ಪುಟದಲ್ಲೂ ಇರುತ್ತದೆ. ಚೆನ್ನಾಗಿ ಬರೆಯುವವರು ಅದನ್ನು ಎದುರಿಸುತ್ತಾರೆ. ಬೆದೆ ಬಂತು ಅಂತ ಎಲ್ಲವನ್ನೂ ಮಾಫಿ ಮಾಡುವ ಕಥೆ ನನಗೆ ಓದೋಕಾಗಲ್ಲ.

ನಿಮ್ಮದು ವೆರ್‌ವುಲ್ಫ್ ಕಥೆ ಅಲ್ವಾ, ದಾರಿ ಸುಲಭ. ಮೆಕ್ ಹೇಳಿದ ಕುಟುಂಬವನ್ನೇ ತೆಗೆದುಕೊಳ್ಳಿ. ಮನೆ ಬಿಟ್ಟು ಹೊರಟ ಪ್ರಾಯದ ತೋಳ ಬೇರೆಯವರ ಗಡಿ ದಾಟಿ ಹೋಗಬೇಕು. ಆ ಗಡಿಯೊಳಗಿನ ತೋಳಗಳು ಹೊರಗಿನವರನ್ನು ಕೊಂದುಹಾಕುವುದೂ ಉಂಟು. ಈಗ ನಿಮ್ಮ ನಾಯಕಿ ಒಬ್ಬಳೇ ಹೊರಟವಳು ಅಂದುಕೊಳ್ಳಿ. ನಾಯಕ ಆ ಗಡಿ ಕಾಯುವ ಮನೆಯ ಮಗ. ಯಾರೂ ಯಾರಿಗೂ ಆಲ್ಫಾ ಅಲ್ಲ. ಆದರೂ ಅವಳು ಉಳಿಯಬೇಕಾದರೆ ಅವನು ತನ್ನ ಅಮ್ಮನ ಎದುರು ನಿಲ್ಲಬೇಕು. ಓದುಗರು ಕಾಯುತ್ತಿದ್ದ ಗಳಿಗೆ ಇಲ್ಲೂ ಸಿಕ್ಕಿತು. ಆಜ್ಞೆಯ ಜಾಗದಲ್ಲಿ ಗಡಿ ಬಂತು, ಅಷ್ಟೇ.

ಮೇಲು-ಕೀಳು ಬಿಟ್ಟರೂ ಸುಖಾಂತ್ಯ ಬಿಡಬೇಡಿ. ಪ್ರೇಮಕಥೆ ಅಂತ ಹೆಸರು ಹಾಕಿ ಕೊನೆಗೆ ಒಬ್ಬರನ್ನು ಸಾಯಿಸಿದರೆ ಮೋಸ ಹೋದೆವು ಅಂತಲೇ ಓದುಗರು ಅಂದುಕೊಳ್ಳುತ್ತಾರೆ. ‘ಮೇಟ್’ ಅಂತ ಒಮ್ಮೆ ಗುರುತಿಸಿದ ಮೇಲೆ ಸುಮ್ನೆ ಮೂರನೆಯವರ ಜೊತೆ ಕಳಿಸೋದೂ ಕಷ್ಟ. ಹಾಗೆ ಮಾಡೋದಾದರೆ ಆ ಬಂಧ ಮುರಿಯಲು ಗಟ್ಟಿ ಕಾರಣ ಬೇಕು.

ಮತ್ತೆ, ಕಥೆಯ ಪರಿಚಯದ ಮೊದಲ ಎರಡು ಸಾಲಲ್ಲೇ ‘ಇಲ್ಲಿ ಆಲ್ಫಾ ಇಲ್ಲ, ತೋಳಗಳ ಕುಟುಂಬಗಳಿವೆ’ ಅಂತ ಹೇಳಿಬಿಡಿ. ಟ್ಯಾಗ್‌ನಲ್ಲೂ ಹಾಕಿ. ಆಲ್ಫಾನೇ ಬೇಕು ಅನ್ನುವವರು ಮುಂದೆ ಹೋಗುತ್ತಾರೆ. ಉಳಿದವರಲ್ಲಿ ನಾನೂ ಇರುತ್ತೇನೆ, ಮೊದಲ ಅಧ್ಯಾಯ ಹಾಕಿದಾಗ ದಯವಿಟ್ಟು ಇಲ್ಲೇ ತಿಳಿಸಿ.