44ನೇ ವಯಸ್ಸಿನಲ್ಲಿ ಗಿಟಾರ್: ಎಫ್ ಕಾರ್ಡ್ ಪಕ್ಕಕ್ಕಿಡಿ, ನಿಮ್ಮ ಶ್ರುತಿಯಿಂದ ಹೊರಡಿ

ಬಿಡಬೇಡಿ. ಉಡುಪಿಯಲ್ಲಿ ಶಿಕ್ಷಕಿ, ವಯಸ್ಸು 44, ಮಗ ಕಾಲೇಜಿಗೆ ಹೋಗುವಾಗ ಮನೆಯಲ್ಲಿ ಬಿಟ್ಟುಹೋದ ಗಿಟಾರನ್ನು ಕೈಗೆತ್ತಿಕೊಂಡು ನಾಲ್ಕು ತಿಂಗಳಾಗಿದೆ, ಮೊಬೈಲ್‌ನಲ್ಲಿ ಪಾಠ ನೋಡಿ ಕಲಿಯುತ್ತಿದ್ದೀರಿ, ಎಫ್ ಕಾರ್ಡ್ (ಕಾರ್ಡ್ ಎಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತ, ಎಫ್‌ನಲ್ಲಿ ತೋರುಬೆರಳು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಬೇಕು) ಬಂದಲ್ಲಿ ಎಲ್ಲವೂ ನಿಂತುಹೋಗಿದೆ. ಈ ವಯಸ್ಸಿಗೆ ಬೆರಳು ಬಾಗುವುದಿಲ್ಲ ಎಂದು ಮನೆಯವರು ಹೇಳುತ್ತಿದ್ದಾರೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಪ್ರಶ್ನೆಯ ತುದಿಯಲ್ಲಿ ಇನ್ನೊಂದು ಮಾತಿದೆ: ಶಾಲೆಯ ದಿನಗಳಲ್ಲಿ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೀರಿ, ಐದು ಮನೆ ಶ್ರುತಿಗೆ ಹಾಡುತ್ತಿದ್ದಿರಿ, ಈಗಲೂ ಭಾವಗೀತೆ ಹಾಡುತ್ತೀರಿ. ನುಡಿಸುತ್ತಾ ಹಾಡಬೇಕೆಂಬುದೇ ನಿಮ್ಮ ಆಸೆ. ನನ್ನ ಉತ್ತರವೆಲ್ಲ ಆ ಕೊನೆಯ ಮಾತನ್ನು ಹಿಡಿದುಕೊಂಡೇ ಹೊರಡುತ್ತದೆ. ಐದು ಮನೆಯಲ್ಲಿ ಹಾಡುವವರಿಗೆ ಸದ್ಯಕ್ಕೆ ಎಫ್ ಕಾರ್ಡ್ ಬೇಕಾಗಿಯೇ ಇಲ್ಲ.

ನಾನೂ ನಲವತ್ತು ದಾಟಿದ ಮೇಲೆ ಗಿಟಾರ್ ಕಲಿತವನು. ಈಗ ನಮ್ಮ ಬಡಾವಣೆಯ ಸುಗಮ ಸಂಗೀತದ ತಂಡಕ್ಕೆ ನುಡಿಸುತ್ತೇನೆ, ನಡುವಯಸ್ಸಿನ ಕೆಲವರಿಗೆ ಆರಂಭದ ಪಾಠವನ್ನೂ ಹೇಳಿಕೊಡುತ್ತೇನೆ. ಎಫ್ ಹತ್ತಿರ ಬಂದು ಗಿಟಾರನ್ನು ಗೋಡೆಗೆ ಒರಗಿಸಿಬಿಟ್ಟವರನ್ನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರ ಬೆರಳಿನಲ್ಲಿ ಏನೂ ಕೊರತೆ ಇರಲಿಲ್ಲ.

ಆರಂಭದ ಪಾಠಗಳಲ್ಲಿ ಅನೇಕವು ಸಿ ಸ್ವರವನ್ನೇ ಷಡ್ಜವಾಗಿ ಇಟ್ಟುಕೊಂಡು ಶುರುವಾಗುತ್ತವೆ. ಶಂಕರಾಭರಣದ ಮಟ್ಟಿನ ಹಾಡಿಗೆ ಮೂರು ಕಾರ್ಡ್‌ಗಳು ಆಧಾರ: ಷಡ್ಜದ ಮೇಲೆ ಕಟ್ಟಿದ್ದು, ಶುದ್ಧ ಮಧ್ಯಮದ ಮೇಲೆ ಕಟ್ಟಿದ್ದು, ಪಂಚಮದ ಮೇಲೆ ಕಟ್ಟಿದ್ದು. ಸಿ ಷಡ್ಜವಾದರೆ ಮಧ್ಯಮ ಎಫ್ ಆಗುತ್ತದೆ. ಹೀಗಾಗಿ ಹೊಸಬರು ತಿಂಗಳೊಪ್ಪತ್ತಿನಲ್ಲೇ ಅದಕ್ಕೆ ಡಿಕ್ಕಿ ಹೊಡೆಯುತ್ತಾರೆ. ಶ್ರುತಿಪೆಟ್ಟಿಗೆಯ ಒಂದು ಮನೆ ಎಂದರೆ ಸಿ, ಐದು ಮನೆ ಎಂದರೆ ಜಿ. ಜಿ ನಿಮ್ಮ ಷಡ್ಜವಾದಾಗ ಮಧ್ಯಮ ಸಿ, ಪಂಚಮ ಡಿ. ಜಿ, ಸಿ, ಡಿ ಮೂರೂ ತೆರೆದ, ಎಂದರೆ ಎಡಗೈ ಒತ್ತದ, ತಂತಿಗಳ ನೆರವಿರುವ ಹಗುರವಾದ ಕಾರ್ಡ್‌ಗಳು. ಜೊತೆಗೆ ಇ ಮೈನರ್, ಎ ಮೈನರ್ ಸೇರಿಸಿಕೊಂಡರೆ ಬಹಳಷ್ಟು ಭಾವಗೀತೆಗಳಿಗೆ ಸಾಕು. ಸಿ ಶ್ರುತಿಯ ಪಾಠಗಳಿಗೆ ನಿಮ್ಮ ಗಂಟಲನ್ನು ಒಗ್ಗಿಸಲು ಹೋದರೆ ಹಾಡೂ ಕೆಡುತ್ತದೆ, ಬೆರಳೂ ಸೋಲುತ್ತದೆ.

ಇನ್ನೊಂದು ಸಂಗತಿ ಇದೆ, ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ. ತಂಬೂರದ ಆ್ಯಪ್‌ನಲ್ಲಿ ಐದು ಮನೆ ಇಟ್ಟು, ಎಡಗೈ ಮುಟ್ಟಿಸದೆ ಗಿಟಾರಿನ ಆರು ತಂತಿಗಳನ್ನು ದಪ್ಪ ತಂತಿಯಿಂದ ಸಣ್ಣದರವರೆಗೆ ಒಂದೊಂದಾಗಿ ಮೀಟಿ. ಇ, ಎ, ಡಿ, ಜಿ, ಬಿ, ಇ. ಜಿ ಷಡ್ಜವೆಂದುಕೊಂಡು ಕೇಳಿದರೆ ಅವು ದ, ರಿ, ಪ, ಸ, ಗ, ದ. ಮೋಹನದ ಐದು ಸ್ವರಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ತಂತಿಗಳನ್ನು ಸಣ್ಣದರಿಂದ ಎಣಿಸುವುದು ರೂಢಿ, ಹಾಗೆ ಎಣಿಸಿದರೆ ಮೂರನೆಯ ತಂತಿ ನಿಮ್ಮ ಷಡ್ಜ, ನಾಲ್ಕನೆಯದು ಮಂದ್ರ ಪಂಚಮ. ನಿಮ್ಮ ಶ್ರುತಿಯಲ್ಲಿ ಈ ವಾದ್ಯ ಸುಮ್ಮನೆ ಮೀಟಿದರೂ ರಾಗದಲ್ಲೇ ಇರುತ್ತದೆ. ಮೊದಲ ಕೆಲವು ದಿನ ಬೇರೇನೂ ಮಾಡಬೇಡಿ: ತೆರೆದ ತಂತಿಗಳನ್ನು ಮೀಟುತ್ತಾ ಮೋಹನದ ಆರೋಹಣ, ಅವರೋಹಣ ಹಾಡಿ. ಯಾವ ತಂತಿ ಯಾವ ಸ್ವರ ಎಂಬುದು ಕಿವಿಗೆ ಕೂರಲಿ. ಹಾಗೆ ಹಾಡುವಾಗ ಗಾಂಧಾರದ ತಂತಿ ತುಸು ಏರಿದೆ ಎಂದು ನಿಮಗೆ ಅನ್ನಿಸಬಹುದು. ಅದು ನಿಮ್ಮ ಕಿವಿಯ ಸೂಕ್ಷ್ಮತೆ. ಗಿಟಾರ್ ಒಂದು ಸ್ಥಾಯಿಯನ್ನು 12 ಸಮಪಾಲು ಮಾಡುವ ವಾದ್ಯ, ತಂಬೂರದಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಇದರ ಗಾಂಧಾರ ಸುಮಾರು 14 ಸೆಂಟ್ (ಆ 12 ಪಾಲಿನಲ್ಲಿ ಒಂದರ ನೂರನೇ ಒಂದು ಭಾಗವೇ ಸೆಂಟ್) ಮೇಲಿರುತ್ತದೆ. ತಿರುಪನ್ನು ತಿರುಗಿಸಲು ಹೋಗಬೇಡಿ.

ಈಗ ಕಾರ್ಡ್‌ಗಳನ್ನೂ ಸ್ವರಗಳಾಗಿ ನೋಡಿ. ಜಿ ಎಂದರೆ ಸ ಗ ಪ. ಸಿ ಎಂದರೆ ಮ ದ ಸ. ಡಿ ಎಂದರೆ ಪ ನಿ ರಿ. ಇ ಮೈನರ್ ದ ಸ ಗ, ಎ ಮೈನರ್ ರಿ ಮ ದ. ಒಂದು ಸಾಲು ಹಾಡುವಾಗ ತಾಳದ ಪೆಟ್ಟಿನ ಮೇಲೆ ಯಾವ ಸ್ವರ ನಿಂತಿದೆ ಎಂದು ಗಮನಿಸಿ, ಆ ಸ್ವರವಿರುವ ಕಾರ್ಡ್ ಹಿಡಿದು ನೋಡಿ. ಎರಡು ಕಾರ್ಡ್‌ಗಳು ಹೊಂದಿದರೆ ಸಾಹಿತ್ಯದ ಭಾವಕ್ಕೆ ಯಾವುದು ಒಪ್ಪುತ್ತದೆಯೋ ಅದನ್ನು ಇಟ್ಟುಕೊಳ್ಳಿ. ಸ್ವರ ಗುರುತಿಸಲು ಬಾರದವರು ಹಾಡಿನ ಕಾರ್ಡ್‌ಗಳಿಗಾಗಿ ಅಂತರ್ಜಾಲವನ್ನೆಲ್ಲ ಜಾಲಾಡಬೇಕು. ನಿಮಗೆ ಆ ಹಂಗಿಲ್ಲ. ಸಾಧಾರಣ ಗಾಂಧಾರದ ಹಾಡುಗಳಿಗೆ, ಉದಾಹರಣೆಗೆ ನಠಭೈರವಿಯ ಛಾಯೆಯವಕ್ಕೆ, ಮೂರನೆಯ ಫ್ರೆಟ್‌ಗೆ, ಎಂದರೆ ನೆಕ್ ಮೇಲಿನ ಮೂರನೆಯ ಅಡ್ಡಕಂಬಿಯ ಹಿಂದೆ, ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ ಇ ಮೈನರ್ ಆಕಾರವನ್ನು ಷಡ್ಜದ ಕಾರ್ಡ್ ಮಾಡಿಕೊಳ್ಳಿ, ಶ್ರುತಿ ಐದು ಮನೆಯಲ್ಲೇ ಉಳಿಯುತ್ತದೆ. ಸರಳೆ ವರಸೆಗೆ ಮಾತ್ರ ಈ ಕಾರ್ಡ್‌ಗಳನ್ನು ಜೋಡಿಸಲು ಹೋಗಬೇಡಿ. ಅದು ಮಾಯಾಮಾಳವಗೌಳ ರಾಗದಲ್ಲಿದೆ, ಆ ರಾಗದ ಶುದ್ಧ ರಿಷಭಕ್ಕೂ ಡಿ ಕಾರ್ಡ್‌ನಲ್ಲಿರುವ ಚತುಶ್ರುತಿ ರಿಷಭಕ್ಕೂ ಕೂಡಿಬರುವುದಿಲ್ಲ.

ಕಾರ್ಡ್ ಬದಲಿಸುವುದು ಆಗುತ್ತಿಲ್ಲ ಎಂದಿದ್ದೀರಿ. ಇಲ್ಲಿ ಬೆರಳುಗಳನ್ನು ಕೂರಿಸುವ ಬಗೆ ಮುಖ್ಯ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಜಿ ಕಾರ್ಡ್ ಅನ್ನು ನಾಲ್ಕು ಬೆರಳಿನಲ್ಲಿ ಹಿಡಿಯಿರಿ: ದಪ್ಪ ತಂತಿಯ ಮೂರನೆಯ ಫ್ರೆಟ್‌ನಲ್ಲಿ ನಡುಬೆರಳು, ಐದನೆಯ ತಂತಿಯ ಎರಡನೆಯ ಫ್ರೆಟ್‌ನಲ್ಲಿ ತೋರುಬೆರಳು, ಎರಡನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಉಂಗುರಬೆರಳು, ಅದರ ಕೆಳಗೆ ಮೊದಲ ತಂತಿಯಲ್ಲಿ ಕಿರುಬೆರಳು. ಈಗ ಉಂಗುರಬೆರಳು, ಕಿರುಬೆರಳುಗಳನ್ನು ಅಲುಗಿಸದೆ ಮೇಲಿನ ಎರಡು ಬೆರಳುಗಳನ್ನು ಒಂದೊಂದು ತಂತಿ ಕೆಳಗಿಳಿಸಿ, ದಪ್ಪ ತಂತಿಯನ್ನು ಮೀಟದೆ ಬಿಡಿ. ಅದು ಸಿ ಕಾರ್ಡ್‌ನ ಒಂದು ರೂಪ, ಪಂಚಮ ಹೆಚ್ಚುವರಿಯಾಗಿ ಸೇರಿಕೊಂಡದ್ದು, ಕೇಳಲು ಬಹಳ ಹಿತ. ಮತ್ತೆ ಜಿಗೆ ಬಂದು ನಡುಬೆರಳನ್ನು ಮಾತ್ರ ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್‌ಗೆ ಸರಿಸಿದರೆ ಇ ಮೈನರ್‌ನ ಒಂದು ರೂಪ. ಡಿಗೆ ಹೋಗುವಾಗಲೂ ಉಂಗುರಬೆರಳು ಇದ್ದಲ್ಲೇ ಇರುತ್ತದೆ, ತೋರುಬೆರಳು ಮೂರನೆಯ ತಂತಿಗೂ ನಡುಬೆರಳು ಮೊದಲ ತಂತಿಗೂ ಬಂದು ಎರಡನೆಯ ಫ್ರೆಟ್‌ನಲ್ಲಿ ಕೂರುತ್ತವೆ, ಕಿರುಬೆರಳು ಏಳುತ್ತದೆ. ನಾಲ್ಕು ಕಾರ್ಡ್‌ಗಳ ನಡುವೆ ಒಂದು ಬೆರಳು ಸದಾ ನೆಲೆಯಾಗಿ ನಿಂತಿದ್ದರೆ ಉಳಿದವಕ್ಕೆ ದಾರಿ ತಪ್ಪುವುದಿಲ್ಲ.

ಇದಕ್ಕೆ ಆದಿತಾಳ ಹಾಕಿ. ಅಕ್ಷರಕ್ಕೊಂದು ಕೆಳಮೀಟು. ಲಘುವಿನ ನಾಲ್ಕು ಅಕ್ಷರಕ್ಕೆ ಜಿ, ಮೊದಲ ದ್ರುತಕ್ಕೆ ಸಿ, ಎರಡನೆಯ ದ್ರುತಕ್ಕೆ ಡಿ, ಸಮಕ್ಕೆ ಮತ್ತೆ ಜಿ. ನಿಮಿಷಕ್ಕೆ 50 ಅಕ್ಷರದ ವೇಗ ಸಾಕು. ಒಂದೇ ಕಟ್ಟಳೆ: ಬಲಗೈ ನಿಲ್ಲಕೂಡದು. ಎಡಗೈ ತಡವಾದರೆ ಆಗಲಿ, ಅರ್ಧ ಕಾರ್ಡ್ ಕೂತಿರಲಿ, ಬೆರಳು ಪೂರ್ತಿ ಎದ್ದೇ ಇರಲಿ, ಅಕ್ಷರ ಬಂದಾಗ ಬಲಗೈ ಮೀಟಲೇಬೇಕು. ತೆರೆದ ತಂತಿ ಕೇಳಿಬಂದರೂ ಅದು ಮೋಹನದ ಸ್ವರವೇ, ಕಿವಿಗೆ ಕಟುವಾಗುವುದಿಲ್ಲ. ನುರಿತವರೂ ಕಾರ್ಡ್ ಬದಲಿಸುವ ಅರೆಗಳಿಗೆಯಲ್ಲಿ ತೆರೆದ ತಂತಿ ಮೀಟಿಕೊಂಡೇ ಸಾಗುತ್ತಾರೆ. ವಯಸ್ಕರಿಗೆ ಪ್ರತಿ ಕಾರ್ಡ್ ಶುದ್ಧವಾಗಿ ಕೂತ ಮೇಲೆಯೇ ಮೀಟಬೇಕೆಂಬ ಹಟ ಇರುತ್ತದೆ. ಬೆರಳು ಕೂರುವವರೆಗೆ ತಾಳ ಕಾಯುವುದೇ ಅವರಿಗೆ ರೂಢಿಯಾಗಿಬಿಡುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ನೀವು ವರಸೆಗಳನ್ನು ಮೂರು ಕಾಲದಲ್ಲಿ ಹಾಡಿದವರು. ಮೊದಲ ಕಾಲ ಗಟ್ಟಿಯಾಗದೆ ಎರಡನೆಯದಕ್ಕೆ ಹೋಗಬಾರದೆಂದು ನಿಮಗೆ ಬೇರೆ ಹೇಳಬೇಕಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಇದನ್ನೇ ಮಾಡಿ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ನಿಮ್ಮ ಗಿಟಾರ್. ನನ್ನ ಅನುಮಾನವೆಲ್ಲ ಅದರ ಮೇಲೇ. ಲೋಹದ ತಂತಿಯ ಗಿಟಾರಿನಲ್ಲಿ ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಮರವನ್ನು ಎಳೆಯುತ್ತಿರುತ್ತವೆ. ಮರಕ್ಕೆ ಹಿತವಾದ ಗಾಳಿಯ ತೇವಾಂಶ ಶೇಕಡಾ 45ರಿಂದ 55. ಕರಾವಳಿಯ ಮಳೆಗಾಲದಲ್ಲಿ ಅದು 80 ದಾಟುತ್ತದೆ. ಹೊರಗೆ ಇಟ್ಟ ಗಿಟಾರಿನ ಮೇಲ್ಹಲಗೆ ತೇವ ಹೀರಿ ಉಬ್ಬುತ್ತದೆ, ನೆಕ್ ಬಾಗಬಹುದು, ತಂತಿಗಳು ಫ್ರೆಟ್‌ಗಳಿಂದ ಮೇಲೇಳುತ್ತವೆ. ಶಾಲೆಯ ಅಳತೆಪಟ್ಟಿ ತೆಗೆದುಕೊಂಡು 12ನೆಯ ಫ್ರೆಟ್‌ನ ನೆತ್ತಿಯಿಂದ ದಪ್ಪ ತಂತಿಯ ತಳದವರೆಗೆ ಎಷ್ಟು ಎತ್ತರವಿದೆ ನೋಡಿ. ಎರಡೂವರೆ ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸರಿ. ನಾಲ್ಕು ಇದ್ದರೆ ಪಳಗಿದ ಕೈಗೂ ಅದು ಶಿಕ್ಷೆ. ಇನ್ನೊಂದು ಪರೀಕ್ಷೆ: ಮೊದಲ ಫ್ರೆಟ್‌ಗೆ ಕೇಪೊ ಹಾಕಿ ಅದೇ ಕಾರ್ಡ್‌ಗಳನ್ನು ಹಿಡಿಯಿರಿ. ತಟ್ಟನೆ ಹಗುರವೆನಿಸಿದರೆ ನಟ್‌ನ (ನೆಕ್‌ನ ತುದಿಯಲ್ಲಿರುವ ಸಣ್ಣ ಪಟ್ಟಿಯ) ಗಾಡಿಗಳು, ಎಂದರೆ ತಂತಿ ಕೂರುವ ಸೀಳುಗಳು, ಎತ್ತರದಲ್ಲಿವೆ ಎಂದರ್ಥ. ಎಫ್ ಹಿಡಿಯುವುದು ಅದರ ಪಕ್ಕದಲ್ಲೇ ಆದ್ದರಿಂದ ಅಲ್ಲಿನ ತೊಂದರೆಯೆಲ್ಲ ನಿಮ್ಮ ತೋರುಬೆರಳಿನ ಮೇಲೆ ಬೀಳುತ್ತದೆ.

ಇದನ್ನು ವಾದ್ಯ ರಿಪೇರಿ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ. ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಸ್ವಲ್ಪ ತಿರುಗಿಸಿ, ಸ್ಯಾಡಲ್ (ಮೇಲ್ಹಲಗೆಯ ಕಡೆ ತಂತಿ ಕೂರುವ ಪಟ್ಟಿ) ಉಜ್ಜಿ, ನಟ್ ಸರಿಮಾಡಿ ಕೊಡುತ್ತಾರೆ. ಮೊಬೈಲ್ ನೋಡಿಕೊಂಡು ಟ್ರಸ್ ರಾಡ್‌ಗೆ ನೀವೇ ಕೈ ಹಾಕಬೇಡಿ. ತಂತಿಗಳನ್ನೂ ಬದಲಿಸಿ: ಅಂಗಡಿಯಲ್ಲಿ 12ರ ಸೆಟ್ ಕೊಟ್ಟರೆ ಬೇಡವೆಂದು 10 ಅಥವಾ 11ರ ಸೆಟ್ ಕೇಳಿ, ಅವು ತೆಳು, ಒತ್ತಲು ಹಗುರ. ಒಂದು ವೇಳೆ ಅದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಆಗಿದ್ದರೆ ಎಂದಿಗೂ ಲೋಹದ ತಂತಿ ಹಾಕಬೇಡಿ, ಆ ಎಳೆತಕ್ಕೆ ಮೇಲ್ಹಲಗೆಯಲ್ಲಿ ತಂತಿಗಳನ್ನು ಹಿಡಿದಿರುವ ಬ್ರಿಡ್ಜ್ ಕಿತ್ತುಬರಬಹುದು. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ತಂತಿ ಒರೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರ್ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳ ಜೊತೆ ಇರಲಿ.

ವಯಸ್ಸಿನ ಮಾತಿಗೆ ಬರುತ್ತೇನೆ. ಬೆರಳ ತುದಿಯ ಚರ್ಮ ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ, 14 ವರ್ಷದವರಿಗೂ 44ರವರಿಗೂ. ವಯಸ್ಕರು ಬೇಕಾದುದಕ್ಕಿಂತ ಹೆಚ್ಚು ಒತ್ತುತ್ತಾರೆ, ಅದು ನಿಜವಾದ ತೊಂದರೆ. ಫ್ರೆಟ್‌ನ ಕಂಬಿಗೆ ತೀರ ಹತ್ತಿರ ಬೆರಳಿಟ್ಟು, ಸುಮ್ಮನೆ ಮುಟ್ಟಿಸಿ ಮೀಟುತ್ತಾ ಹೋಗಿ, ಒತ್ತಡವನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತಾ ಬನ್ನಿ. ಮೊದಲು ಮಂಕಾದ ಸದ್ದು, ಆಮೇಲೆ ಗರಗರ, ಆಮೇಲೆ ತಿಳಿಯಾದ ಸ್ವರ. ತಿಳಿಯಾದಲ್ಲಿ ನಿಲ್ಲಿಸಿ. ಅಷ್ಟೇ ಬಲ ಸಾಕು. ಎಡಗೈ ಉಗುರು ಪೂರ್ತಿ ಕತ್ತರಿಸಿರಬೇಕು. ಕೈಗಳಿಲ್ಲದ ಕುರ್ಚಿಯ ಮೇಲೆ ಕುಳಿತುಕೊಳ್ಳಿ. ಬೆರಳು ಕಾಣಲೆಂದು ಗಿಟಾರಿನ ಮುಖವನ್ನು ನಿಮ್ಮತ್ತ ವಾಲಿಸಿಕೊಳ್ಳಬೇಡಿ, ಹಾಗೆ ಮಾಡಿದಾಗ ಮಣಿಕಟ್ಟು ಮಡಚಿಕೊಂಡು ಬೆರಳಿನ ಶಕ್ತಿ ಕುಗ್ಗುತ್ತದೆ. ತುದಿಬೆರಳು ಉರಿದರೆ ಸಹಜ. ಮಣಿಕಟ್ಟು ನೋಯುತ್ತಿದ್ದರೆ ಅಥವಾ ಕೈ ಜೋಮು ಹಿಡಿಯುತ್ತಿದ್ದರೆ ಅಂದಿಗೆ ಸಾಕುಮಾಡಿ. ಕುಳಿತ ಭಂಗಿ ಸರಿಪಡಿಸಿದ ಮೇಲೂ ಅದು ಮರುಕಳಿಸಿದರೆ ವೈದ್ಯರಿಗೆ ತೋರಿಸಿ.

ನಿಮ್ಮ ಶ್ರುತಿ ಈಗ ಐದೂವರೆ ಆಗಿದ್ದರೆ ಕೇಪೊ ಮೊದಲ ಫ್ರೆಟ್‌ಗೆ, ಆರು ಆಗಿದ್ದರೆ ಎರಡನೆಯದಕ್ಕೆ, ಆಕಾರಗಳು ಇವೇ. ನಾಲ್ಕೂವರೆಗೆ ಇಳಿದಿದ್ದರೆ ಎಲ್ಲ ತಂತಿಗಳನ್ನೂ ಅರ್ಧ ಮನೆ ಇಳಿಸಿ, ಒತ್ತಲು ಇನ್ನೂ ಮೃದುವಾಗುತ್ತದೆ.

ಎಫ್ ಅನ್ನು ಕಲಿಯಲೇಬೇಡಿ ಎನ್ನುತ್ತಿಲ್ಲ. ಹತ್ತಾರು ಹಾಡುಗಳು ಕೈಗೆ ಕೂತ ಮೇಲೆ ಅದೇ ಆಕಾರವನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ತಂತಿ ಸುಲಭವಾಗಿ ಬಗ್ಗುತ್ತದೆ. ತೋರುಬೆರಳು ಅಡ್ಡವಾಗಿ ಆರೂ ತಂತಿಗಳ ಮೇಲೆ ಮಲಗಿದ್ದರೂ ಅದು ನಿಜವಾಗಿ ಒತ್ತಬೇಕಾದದ್ದು ಒಂದು, ಎರಡು, ಆರನೆಯ ತಂತಿಗಳನ್ನು ಮಾತ್ರ, ಉಳಿದ ಮೂರನ್ನು ಬೇರೆ ಬೆರಳುಗಳು ನೋಡಿಕೊಳ್ಳುತ್ತವೆ. ಬೆರಳನ್ನು ತುಸು ಹೊರಳಿಸಿ ಹೆಬ್ಬೆರಳ ಕಡೆಯ ಅಂಚಿನಿಂದ ಒತ್ತಿ, ಹೆಬ್ಬೆರಳಿನಿಂದ ಹಿಚುಕಬೇಡಿ, ಮೊಣಕೈಯನ್ನು ಮೈಯ ಹತ್ತಿರ ತಂದು ತೋಳಿನ ಭಾರವನ್ನು ಹಿಂದಕ್ಕೆ ಬಿಡಿ. ಅಲ್ಲಿಂದ ವಾರಕ್ಕೊಂದು ಫ್ರೆಟ್‌ನಂತೆ ಇಳಿಯುತ್ತಾ ಬಂದರೆ ಮೊದಲ ಫ್ರೆಟ್ ತಲುಪುವ ಹೊತ್ತಿಗೆ ಕೈ ತಯಾರಾಗಿರುತ್ತದೆ.

12ನೆಯ ಫ್ರೆಟ್‌ನ ಅಳತೆ, ತಂತಿ ಲೋಹದ್ದೋ ನೈಲಾನೋ, ಕೇಪೊ ಪರೀಕ್ಷೆಯಲ್ಲಿ ಏನು ಕಂಡಿತು, ಈ ಮೂರನ್ನು ಇದರ ಕೆಳಗೆ ಬರೆಯಿರಿ. ಹಾಡಬೇಕೆಂದಿರುವ ಭಾವಗೀತೆ ಯಾವುದು, ಅದರ ಪಲ್ಲವಿಯ ಸ್ವರಗಳು ಯಾವುವು ಎಂದೂ ತಿಳಿಸಿದರೆ ಅದಕ್ಕೆ ಕೂಡುವ ಕಾರ್ಡ್‌ಗಳನ್ನು ಹಾಕಿಕೊಡುತ್ತೇನೆ.