ಬಂದೋಬಸ್ತಿಗೆ ನಿಂತ ಪೊಲೀಸರಿಗೆ, ಅವರ ಮನೆಯವರಿಗೆ ನಮ್ಮ ಓಣಿಯಿಂದ ಕೃತಜ್ಞತೆ ಸಲ್ಲಿಸುವುದು ಹೇಗೆ? (ಬೆಳಗಾವಿ)

ಮೊದಲು ಬೇಕಾದದ್ದು ಶಾಲು, ಹಾರ ಅಲ್ಲ, ಶೌಚಾಲಯ. ಬೆಳಗಾವಿಯ ಗಣೇಶ ವಿಸರ್ಜನೆ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಮಹಿಳಾ ಸಿಬ್ಬಂದಿ ಎಷ್ಟೋ ಸಲ ನೀರನ್ನೇ ಕುಡಿಯದೆ ನಿಂತಿರುತ್ತಾರೆ, ಹೋಗಲು ಜಾಗ ಇರುವುದಿಲ್ಲವೆಂದು. ರಸ್ತೆಗೆ ಹತ್ತಿರದ ಒಂದು ಮನೆಯ ಶೌಚಾಲಯ ತೆರೆದಿಟ್ಟು, ಮುಂಚೆಯೇ ಠಾಣೆಯ ಪಿಎಸ್‌ಐ ಅವರಿಗೆ ತಿಳಿಸಿ.

ಊಟ ಕೊಡುವುದಾದರೂ ಅವರನ್ನೇ ಕೇಳಿ ಕೊಡಿ. ಅನ್ನ-ಸಾಂಬಾರ್ ಸಂಜೆಗೆ ಕಟ್ಟಿದರೆ ಸರಿರಾತ್ರಿಗೆ ಹಳಸುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ, ನಿಂತಲ್ಲೇ ಮುರಿದು ತಿನ್ನಬಹುದು. ನೀರು ಸೀಲ್ ಒಡೆಯದ ಬಾಟಲಿಯಲ್ಲಿರಲಿ. ನಗದು, ಬೆಲೆಬಾಳುವ ಉಡುಗೊರೆ ಬೇಡವೇ ಬೇಡ, ಪಡೆದವರೇ ವಿಚಾರಣೆ ಎದುರಿಸಬೇಕಾದೀತು.

ಬಹುಕಾಲ ಉಳಿಯುವುದು ಪತ್ರ. ಪೊಲೀಸ್ ಆಯುಕ್ತರಿಗೆ (ಬಾಗಲಕೋಟೆ, ವಿಜಯಪುರದಲ್ಲಿ ಎಸ್‌ಪಿ ಅವರಿಗೆ) ಒಂದೇ ಪುಟ ಬರೆಯಿರಿ: ಎದೆಯ ಪಟ್ಟಿಯಲ್ಲಿನ ಹೆಸರು, ಠಾಣೆ, ದಿನಾಂಕ, ಸಮಯ, ಅವರು ಮಾಡಿದ ಕೆಲಸ. "ಪೊಲೀಸರಿಗೆಲ್ಲ ಧನ್ಯವಾದ" ಎಂದಷ್ಟೇ ಬರೆದರೆ ಯಾರಿಗೂ ಮುಟ್ಟುವುದಿಲ್ಲ.

ಮನೆಯವರನ್ನು ಮಾತ್ರ ಬಹುತೇಕರು ಮರೆಯುತ್ತಾರೆ. ಹಬ್ಬದ ದಿನ ಅಪ್ಪ ಬಂದೋಬಸ್ತಿಗೆ ಹೋದ ಆ ಮನೆಗೆ ಹೋಳಿಗೆ ಕಳಿಸಿ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಬಂದೋಬಸ್ತು ಇದ್ದಾಗ ಮಕ್ಕಳನ್ನು ಶಾಲೆಗೆ ಬಿಡುವ, ಹಿರಿಯರನ್ನು ದವಾಖಾನೆಗೆ ಕರೆದೊಯ್ಯುವ ಕೆಲಸವೆಲ್ಲ ಒಬ್ಬಳೇ ಹೆಂಡತಿಯ ಮೇಲೆ ಬೀಳುತ್ತದೆ. ಅದರಲ್ಲಿ ಒಂದನ್ನು ನೀವು ವಹಿಸಿಕೊಳ್ಳಿ.

ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಧ್ವಜ ಕೊಂಡರೆ ಹಣ ಕಲ್ಯಾಣ ನಿಧಿಗೆ ಸೇರುತ್ತದೆ. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ 10 ಪೊಲೀಸರ ನೆನಪಿನದು. ಅಂದು ಸ್ಮಾರಕಕ್ಕೆ ಹೂವಿಟ್ಟು, ಅಲ್ಲಿಗೆ ಬಂದ ಕುಟುಂಬದವರನ್ನು ಮಾತನಾಡಿಸಿ ಬನ್ನಿ.